ಗನಿ ಸಾಬರ ಕೊನೆಯ ತಿದ್ದುಪಡಿ

ಮುಮತಾಜ ಹೆಡ್‌ಫೋನ್ ಬೇಡವೆಂದರು.

“ಕಿವಿಗೆ ಹಚ್ಚಿಕೊಂಡ್ರ ನನಗೊಬ್ಬಾಕಿಗೇ ಕೇಳಸ್ತದ. ಈ ಮನಿನೂ ಕೇಳ್ಲಿ ಬೇಟಿ. ಒಂಬತ್ತು ದಿನ ಆತು, ಇಲ್ಲಿ ಅವರ ದನಿ ಇಲ್ಲ.”

ಸಬ್ ಇನ್‌ಸ್ಪೆಕ್ಟರ್ ಪಂಚಶೀಲಾ ಪುಟ್ಟ ರೆಕಾರ್ಡರನ್ನು ಮಂಚದ ಮೇಲಿಟ್ಟಳು. ಬಾಗಿಲ ಬಳಿ ನಿಂತಿದ್ದ ಪೇದೆ ಜೈಭೀಮನಿಗೆ ಹೊರಗಿರುವಂತೆ ಸನ್ನೆ ಮಾಡಿದಳು. ಗಂಡನನ್ನು ಕಳೆದುಕೊಂಡು, ಪರಗಂಡಸರ ಕಣ್ಣಿಗೆ ಬೀಳದೆ ಇದ್ದತ್‌ನಲ್ಲಿ ಕೂತ ಹೆಂಗಸಿನ ಕೋಣೆ ಅದು. ಆತ ಅಂಗಳಕ್ಕಿಳಿದು ಬೇವಿನ ನೆರಳಿಗೆ ಹೋದ.

ಒಂಬತ್ತು ದಿನಗಳ ಹಿಂದೆ, ಆಳಂದದ ಸಭಾಂಗಣದಲ್ಲಿ ಈ ಭಾಗದ ಹಳೆಯ ರೇಡಿಯೊ ಮತ್ತು ಟಿವಿ ದನಿಗಳಿಗೆ ಸನ್ಮಾನವಿತ್ತು. ಮೂವತ್ತೊಂದು ವರ್ಷ ರೇಡಿಯೊ ಉದ್ಘೋಷಕರಾಗಿದ್ದ, ಮುಮತಾಜರ ಗಂಡ ಅಬ್ದುಲ್ ಗನಿ ವೇದಿಕೆಯ ಹಿಂದಿನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದರು.

ಹೃದಯ ನಿಂತಿದೆ ಎಂದರು ವೈದ್ಯರು. ಮೈಮೇಲೆ ಗಾಯವಿಲ್ಲ, ಹೊಟ್ಟೆಯಲ್ಲಿ ವಿಷವಿಲ್ಲ. ಆಳಂದ ಅತ್ತಿತು, ಮಣ್ಣು ಕೊಟ್ಟಿತು, ಸುಮ್ಮನಾಯಿತು. ಆದರೆ ನಿನ್ನೆ ಸಂಜೆ ಮೈಕ್‌ಸೆಟ್ಟಿನ ಅಜೀಮ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದ. ಪರೀಕ್ಷೆಗೆಂದು ಗನಿ ಸಾಬರ ಕಾಲರಿಗೆ ಅರ್ಧ ತಾಸು ಮೊದಲೇ ಸಣ್ಣ ಮೈಕು ಸಿಕ್ಕಿಸಿದ್ದೆ, ಅದನ್ನು ಆರಿಸುವುದನ್ನು ಮರೆತಿದ್ದೆ ಎಂದ. ಸಭಾಂಗಣದ ಸ್ಪೀಕರಿಗೆ ಅದನ್ನಿನ್ನೂ ಜೋಡಿಸಿರಲಿಲ್ಲ. ಆದರೆ ರೆಕಾರ್ಡರು ಓಡುತ್ತಿತ್ತು.

“ಇದರಾಗ ಇನ್ನೊಬ್ಬರ ದನಿ ಅದ ಚಾಚಿ. ಭಾಳ ಸಣ್ಣಗದ. ಯಾರದಂತ ಗುರ್ತು ಹಿಡಿಯಾಕ ಆದ್ರ ನೋಡ್ರಿ,” ಎಂದು ಪಂಚಶೀಲಾ ಗುಂಡಿ ಒತ್ತಿದಳು.

ಮೊದಲು ಕುರ್ಚಿಯ ಕಿರುಗುಟ್ಟುವಿಕೆ. ಆಮೇಲೆ ಗನಿ ಸಾಬರು.

“ಇವತ್ತ ಸ್ಟೇಜಿನ ಮ್ಯಾಲೆ ಹೇಳ್ತೇನಿ ಬೇಟಾ. ಶಾಲು ಹಾಕಿಸ್ಕೊಳ್ಳೂದಕ್ಕ ಮದಲ ಹೇಳ್ತೇನಿ. ಆ ತಾಯಿಗೆ ಎಲ್ಲಾರ ಮುಂದ ಮಾಫಿ ಕೇಳ್ತೇನಿ.”

ಮುಮತಾಜರ ಕೈ ತಾನಾಗಿಯೇ ಸೆರಗಿಗೆ ಹೋಯಿತು.

ಇನ್ನೊಂದು ದನಿ ದೂರದಿಂದ ಬಂತು. ಗಂಡಸಿನದು. “ಈಗ ಅದನ್ನು ಎತ್ತುವುದು ಬೇಡ. ಇಪ್ಪತ್ತೇಳು ವರ್ಷಗಳು ಕಳೆದಿವೆ.”

“ನಿನಗ ಕಳದಾವ. ಅಕಿಗೆ ಒಂದ ದಿನಾನೂ ಕಳದಿಲ್ಲ.”

“ದಯವಿಟ್ಟು ಸಮಾಧಾನ ಮಾಡಿಕೊಳ್ಳಿ.”

ನಂತರ ಉಸಿರು. ಎಳೆದು ಎಳೆದು ತೆಗೆಯುವ ಉಸಿರು.

“ಎದಿ... ಬೇಟಾ, ಗೂಟಕ್ಕ ಕೋಟ್ ಹಾಕೀನಿ. ಅದರ ಕಿಸೆದಾಗ ಗುಳಿಗಿ ಅದ. ನಾಲಿಗಿ ಕೆಳಗ ಇಟ್ಕೊಳ್ಳೂದು. ತೆಗದು ಕೊಡು.”

ಹೆಜ್ಜೆಗಳು. ಬಾಗಿಲು ತೆರೆದ ಸದ್ದು. ಬಾಗಿಲು ಮುಚ್ಚಿದ ಸದ್ದು.

ಪಂಚಶೀಲಾ ರೆಕಾರ್ಡರು ನಿಲ್ಲಿಸಿದಳು. ಮಾತ್ರೆಯ ಪಟ್ಟಿ ಅವಳಿಗೆ ಸಿಕ್ಕಿದ್ದು ಕೋಟಿನ ಜೇಬಿನಲ್ಲೇ. ಹತ್ತು ಮಾತ್ರೆ, ಹತ್ತೂ ಇದ್ದವು. ಕುರ್ಚಿಯಿಂದ ಗೂಟಕ್ಕೆ ಆರು ಹೆಜ್ಜೆ.

“ಮುಂದಿಂದು?” ಎಂದರು ಮುಮತಾಜ.

“ಬ್ಯಾಡ್ರಿ ಚಾಚಿ.”

“ಎಷ್ಟು ಹೊತ್ತು ಅದ?”

ಪಂಚಶೀಲಾಗೆ ಸುಳ್ಳು ಹೇಳಲಾಗಲಿಲ್ಲ. “ಆರು ನಿಮಿಷ.”

“ನಾ ಅಲ್ಲಿ ಇದ್ದಿದ್ರ ಆ ಆರು ನಿಮಿಷ ಬಾಜೂಕ ಕುಂದರ್ತಿದ್ದೆ. ಹೆಣ್ಮಕ್ಕಳ ಸಾಲಿನ್ಯಾಗ ಮುಂದ ಕುಂತಿದ್ದೆ ನಾನು, ಹೊಸಾ ಸೀರಿ ಉಟ್ಕೊಂಡು. ಆಗ ಕುಂದ್ರಲಿಲ್ಲ. ಈಗರೆ ಕುಂದರ್ತೇನಿ. ಹಚ್ಚು.”

ಆಕೆ ರೆಕಾರ್ಡರಿನ ಪಕ್ಕಕ್ಕೆ ಸರಿದು, ಅದರ ಮೇಲೆ ಹಗುರವಾಗಿ ಅಂಗೈಯಿಟ್ಟು ಕೂತರು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ.

ಪಂಚಶೀಲಾ ಹಚ್ಚಿದಳು.

ಗೋಡೆಯಾಚೆ ವೇದಿಕೆಯ ಮೇಲೆ ಯಾರೋ ಹಾಡುತ್ತಿದ್ದರು. ಆಮೇಲೆ ಚಪ್ಪಾಳೆ. ಗನಿ ಸಾಬರ ಉಸಿರು ಸಣ್ಣದಾಗುತ್ತ ಬಂತು. ನಾಲ್ಕನೆಯ ನಿಮಿಷದಲ್ಲಿ ಅವರು ಗಂಟಲು ಸರಿಮಾಡಿಕೊಂಡರು. ನಂತರ ಬಂದದ್ದು ಮನೆಯ ಮಾತಲ್ಲ. ಮೂರು ತಾಲೂಕಿನ ಹೊಲಗಳಲ್ಲಿ, ಚಹಾದಂಗಡಿಗಳಲ್ಲಿ, ಕಟ್ಟೆಗಳಲ್ಲಿ ಜನ ಮೂವತ್ತೊಂದು ವರ್ಷ ಕೇಳಿದ ದನಿ.

“ಕೇಳುಗ ಬಂಧುಗಳೇ... ಒಂದು ತಿದ್ದುಪಡಿ. ಗೊಬ್ಬೂರ ಗ್ರಾಮದ... ಮಲ್ಕಮ್ಮನವರ ಮಗಳ ಕುರಿತು... ನಾವು ಓದಿದ ಪ್ರಕಟಣೆ...”

ಅಷ್ಟೇ. ಮುಂದೆ ಬರೀ ಚಪ್ಪಾಳೆ.

ಮುಮತಾಜ ಬಹಳ ಹೊತ್ತು ಕೈ ತೆಗೆಯಲಿಲ್ಲ. “ನನ್ನ ಹೆಸರು ತಗೀಲಿಲ್ಲ,” ಎಂದರು. ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. “ಇರ್ಲಿ. ಕೆಲಸದ ಮ್ಯಾಲೇ ಇದ್ರು.”

ಪಂಚಶೀಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಅಪ್ಪ ಈ ದನಿ ಹಚ್ಚಿಟ್ಟೇ ಅವಳಿಗೆ ಜಡೆ ಹಾಕುತ್ತಿದ್ದ.

“ಆ ಇನ್ನೊಬ್ಬರು?” ಎಂದು ಕೊನೆಗೆ ಕೇಳಿದಳು.

“ದನಿ ಗುರ್ತು ಹತ್ತವಲ್ದು. ಮಾತು ಗುರ್ತು ಹತ್ತತದ. ‘ಸಮಾಧಾನ ಮಾಡಿಕೊಳ್ಳಿ’ ಅಂತ ನಮ್ಮ ಕಡಿ ಯಾರ್ ಅಂತಾರ, ಹೇಳು? ಇವರು ರೇಡಿಯೊ ಕನ್ನಡ ರೇಡಿಯೊದಾಗೇ ಬಿಟ್ಟು ಬರ್ತಿದ್ರು. ಮನಿಗೆ ಹೊತ್ಕೊಂಡು ಹೋಗಾಂವ ಒಬ್ಬನೇ. ಚಾ ಕೇಳಿದ್ರೂ ಸುದ್ದಿ ಓದಿದಂಗ ಕೇಳ್ತಾನ.”

“ಜೇವರ್ಗಿ ಟಿವಿ ಸತೀಶಕುಮಾರ?”

“ಇವರ ಕೈಯಾಗೇ ಕಲ್ತಾಂವ. ಈ ಮನ್ಯಾಗ ಉಂಡಾಂವ,” ಎಂದು ಮುಮತಾಜ ಎದ್ದರು. ಕಪಾಟಿನಿಂದ ಬಟ್ಟೆಯ ಚೀಲ ತೆಗೆದು ಪಂಚಶೀಲಾಳ ಮಡಿಲಿಗೆ ಹಾಕಿದರು. “ಸನ್ಮಾನದ ಮಂದಿ ಪ್ರದರ್ಶನಕ್ಕ ಇಡಾಕ ಕೇಳುಗರ ಹಳೇ ಪತ್ರ ಬೇಕಂದ್ರು. ರೇಡಿಯೊ ಕೇಂದ್ರದ ಕತ್ತಲಿ ಖೋಲಿಯಿಂದ ಒಂದು ಗೋಣಿಚೀಲ ತಂದ್ರು ಇವರು. ಅದರ ತಳದಾಗ ಇವಿದ್ವು. ಇವನ್ನ ಓದಿದ ಮ್ಯಾಲೆ ಎರಡು ದಿನ ಊಟ ಮಾಡ್ಲಿಲ್ಲ.”

ಕೆಂಪು ದಾರ ಕಟ್ಟಿದ ಹನ್ನೊಂದು ಪತ್ರಗಳು. ಎಲ್ಲವೂ ಅಬ್ದುಲ್ ಗನಿಯವರ ಹೆಸರಿಗೆ ಬಂದವು. ಇಪ್ಪತ್ತೇಳು ವರ್ಷ ಯಾರೂ ಒಡೆಯದೆ, ಈಗ ಹದಿನೈದು ದಿನದ ಹಿಂದಷ್ಟೇ ಒಡೆದವು.

ಮೊದಲನೆಯದನ್ನು ಪಂಚಶೀಲಾ ಓದಿದಳು. ಶಾಲೆಯ ಮಾಸ್ತರರ ದುಂಡು ಅಕ್ಷರ. ಮಾತು ಮಾತ್ರ ಹೇಳಿ ಬರೆಸಿದಾಕೆಯದು.

‘ರೇಡಿಯೊ ಸಾಹೇಬರಿಗೆ ಗೊಬ್ಬೂರ ಮಲ್ಕಮ್ಮ ಮಾಡುವ ನಮಸ್ಕಾರ. ನನ್ನ ಮಗಳು ಸುನಿತಾ ಕಾಣವಲ್ಲಳು ಅಂತ ನೀವು ಓದಿದಿರಿ, ನಿಮ್ಮ ಉಪಕಾರ. ಎರಡು ದಿನ ಬಿಟ್ಟು ಸಿಕ್ಕಾಳ, ಯಾರೂ ಹುಡುಕಬ್ಯಾಡ್ರಿ ಅಂತ ಓದಿದಿರಿ. ಭೀಮಾ ದಂಡಿ ತನಕ ಹುಡುಕಾಕ ಹೋದ ಮಂದಿ ಎಲ್ಲಾ ಅದನ್ನ ಕೇಳಿ ತಿರುಗಿ ಬಂದರು. ನಾ ಹೋಳಿಗಿ ಮಾಡಿದೆ. ಆದರ ಎಲ್ಲಿ ಸಿಕ್ಕಾಳ ಅಂತ ನೀವು ಹೇಳಲಿಲ್ಲ. ಹೇಳಿದರ ನಾನೇ ಬಂದು ಕರಕೊಂಡು ಹೋಗತೇನಿ.’

ಉಳಿದ ಹತ್ತು ಓದಲು ಅವಳು ಹೊರಗೆ ಜೀಪಿಗೆ ಹೋದಳು. ಹನ್ನೊಂದನೆಯದರಲ್ಲೂ ಮಗಳು ಮನೆಗೆ ಬಂದಿರಲಿಲ್ಲ.

*

ಜೇವರ್ಗಿಯ ಬಸ್‌ಸ್ಟ್ಯಾಂಡ್ ಎದುರಿನ ಕಟ್ಟಡದ ಮಾಳಿಗೆಯ ಮೇಲೆ ಸತೀಶಕುಮಾರನ ಚಾನೆಲ್ಲು. ಒಂದು ಕ್ಯಾಮೆರಾ, ಒಂದು ನೀಲಿ ಪರದೆ, ಒಂದು ಮೇಜು. ಐವತ್ತು ದಾಟಿದರೂ ತಿದ್ದಿ ಬಾಚಿದ ಕರಿ ಕೂದಲಿನ ಆತ ಮಧ್ಯಾಹ್ನದ ಸುದ್ದಿಗೆ ಸಿದ್ಧನಾಗುತ್ತಿದ್ದ. ಇಪ್ಪತ್ತೈದು ವರ್ಷಗಳ ಸೇವೆಗಾಗಿ ಅವತ್ತು ಆಳಂದದಲ್ಲಿ ಹೊದಿಸಿದ ಶಾಲು ಕಪಾಟಿನ ಗಾಜಿನ ಹಿಂದೆ ಮಡಿಚಿ ಕೂತಿತ್ತು.

“ಬನ್ನಿ ಮೇಡಂ, ಕುಳಿತುಕೊಳ್ಳಿ. ಹನ್ನೆರಡಕ್ಕೆ ವಾರ್ತೆಗಳಿವೆ. ಹದಿನೈದು ನಿಮಿಷ ಕಾಲಾವಕಾಶವಿದೆ.”

ಪಂಚಶೀಲಾ ಕೆಂಪು ದಾರದ ಕಟ್ಟನ್ನು ಮೇಜಿನ ಮೇಲಿಟ್ಟಳು.

ಆತನ ಕಣ್ಣು ಹೋದದ್ದು ವಿಳಾಸದ ಕಡೆಗಲ್ಲ, ದಾರದ ಗಂಟಿನ ಕಡೆಗೆ.

“ನೀವ ಕಟ್ಟಿದ್ರಿ?”

“ಇವು ಯಾವ ಪತ್ರಗಳೆಂದು ನನಗೆ ತಿಳಿದಿಲ್ಲ.”

“ಆಗ ರೇಡಿಯೊ ಕೇಂದ್ರದಾಗ ಪತ್ರ ವಿಂಗಡಿಸೂ ಕೆಲಸ ಯಾರದಿತ್ತು?”

“ಹಲವರದಿತ್ತು.”

ಅವಳು ರೆಕಾರ್ಡರು ಹಚ್ಚಿದಳು. ‘ದಯವಿಟ್ಟು ಸಮಾಧಾನ ಮಾಡಿಕೊಳ್ಳಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಸತೀಶಕುಮಾರ ಮೇಜಿನ ಅಂಚು ಹಿಡಿದಿದ್ದ. ಬಾಗಿಲು ಮುಚ್ಚಿದ ಸದ್ದಿಗೆ ಅವನ ಹೆಗಲು ಕುಸಿಯಿತು.

“ನಾ ಕೊಂದಿಲ್ರಿ,” ಎಂದ.

ಆ ಮಾತು ಯಾದಗಿರಿ ಕಡೆಯ ಯಾವುದೋ ಹಳ್ಳಿಯ ಓಣಿಯಿಂದ ಬಂದಿತ್ತು. ಅವನ ಬಾಯಲ್ಲಿ ಅಂಥ ಕನ್ನಡವನ್ನು ಯಾರೂ ಕೇಳಿರಲಿಲ್ಲ.

“ನೀರು ತರಾಕ ಹೋದೆ...”

“ಅವರು ಕೇಳಿದ್ದು ಗುಳಿಗಿ. ನೀರಲ್ಲ.”

ಸತೀಶಕುಮಾರ ಕಪಾಟಿನ ಶಾಲಿನ ಕಡೆ ನೋಡಿದ.

“ಹೊರಗ ಬಂದ್ರಿ. ಆಮ್ಯಾಲೆ?”

“ವರಾಂಡದಾಗ ನಿಂತೆ. ಒಳಗ ಹೋಗ್ಲ್ಯಾ, ಬಿಡ್ಲ್ಯಾ ಅಂತ ನಿಂತೆ. ಅಷ್ಟರಾಗ ಸ್ಟೇಜಿನ ಮ್ಯಾಲೆ ನನ್ನ ಹೆಸರು ಕರದ್ರು. ಕಾಲು... ಕಾಲು ಆ ಕಡಿ ಹ್ವಾದ್ವು ಮೇಡಂ.”

“ಶಾಲು ಹೊದಿಸ್ಕೊಂಡ್ರಿ.”

“ಹ್ಞೂಂ.”

“ಮೈಕಿನ್ಯಾಗ ನಾಕ ಮಾತು ಆಡಿದ್ರಿ.”

“ಹ್ಞೂಂ. ಗನಿ ಸಾಬರೇ ನನ್ನ ಗುರುಗಳು ಅಂದೆ. ಮಂದಿ ಚಪ್ಪಾಳಿ ಹೊಡದ್ರು.”

ಪಂಚಶೀಲಾಗೆ ಆ ಚಪ್ಪಾಳೆ ಗೊತ್ತಿತ್ತು. ಕೆಲವು ತಾಸುಗಳ ಹಿಂದಷ್ಟೇ ಅದನ್ನವಳು ಗೋಡೆಯ ಈಚೆಯಿಂದ ಕೇಳಿದ್ದಳು. ರೆಕಾರ್ಡರು ತೆಗೆದು ಜೇಬಿಗಿಟ್ಟಳು. ಆದರೆ ಕೇಳಬೇಕಾದ್ದು ಇನ್ನೂ ಇತ್ತು.

“ಸುನಿತಾ ಸಿಕ್ಕಾಳಂತ ರೇಡಿಯೊದಾಗ ಓದೂ ಚೀಟಿ ಬರದು ಗನಿ ಸಾಬರ ಕೈಗೆ ಕೊಟ್ಟಾಂವ ನೀವ. ತಾಯಿ ಪತ್ರ ಮುಚ್ಚಿಟ್ಟಾಂವ ನೀವ. ಹುಡುಗಿನ್ನ ಏನ್ ಮಾಡಿದ್ರಿ?”

“ಏನೂ ಮಾಡಿಲ್ರಿ!” ಆತ ಎದ್ದೇ ನಿಂತ. “ಅಕಿ ಜೀವಂತ ಅದಾಳ. ಅಕಿನೇ ಬಂದಿದ್ಲು. ಕಾಣೆಯಾದ ಪ್ರಕಟಣೆ ಓದಿದ ಮರುದಿನ, ಕೇಂದ್ರದ ಗೇಟಿಗೆ. ಕಾಲಾಗ ಚಪ್ಪಲಿ ಇರ್ಲಿಲ್ಲ. ‘ರೇಡಿಯೊದಾಗ ಹೇಳಿದ ಸುನಿತಾ ನಾನ’ ಅಂದ್ಲು. ‘ಮನಿಗೆ ಕಳಿಸಬ್ಯಾಡ್ರಿ, ನನ್ನ ಕೊಂದ ಹಾಕ್ತಾರ. ಸಿಕ್ಕಾಳಂತ ಹೇಳಿಬಿಡ್ರಿ, ಹುಡುಕೂದು ನಿಲ್ತದ’ ಅಂತ ಕಾಲು ಹಿಡದ್ಲು. ನನಗ ಇಪ್ಪತ್ನಾಕ ವಯಸ್ಸು. ಚೀಟಿ ಬರದೆ. ಮನಿಯವರೇ ತಂದು ಕೊಟ್ಟಾರಂತ ಗನಿ ಸಾಬರಿಗೆ ಸುಳ್ಳು ಹೇಳಿದೆ. ಅವರು ನನ್ನ ಮಾತು ಎಂದೂ ತಗದು ಹಾಕಿದವರಲ್ಲ.”

“ಈಗ ಎಲ್ಲದಾಳ?”

“ಮನ್ಯಾಗ. ನನ್ನ ಹೆಂಡ್ತಿ ಅಕಿ.” ಆತ ಮತ್ತೆ ಕುಸಿದು ಕೂತ. “ಪಲ್ಲವಿ ಅಂತ ನಾನ ಹೆಸರಿಟ್ಟೆ.”

ಕ್ಯಾಮೆರಾ ಹಿಂದಿನ ಗಡಿಯಾರ ಹನ್ನೆರಡು ದಾಟಿತ್ತು. ಜೇವರ್ಗಿಯ ಮನೆಗಳಲ್ಲಿ ಸುದ್ದಿಗೆ ಕಾದವರಿಗೆ ಬರೀ ನೀಲಿ ಪರದೆ ಕಾಣುತ್ತಿದ್ದಿರಬೇಕು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಆತನಿಗೆ ಅದರ ಪರಿವೆಯಿರಲಿಲ್ಲ.

“ಗನಿ ಸಾಬರು ಆ ಹುಡುಗಿ ಸತ್ತಾಳಂತ ತಿಳ್ಕೊಂಡು ಸತ್ರು,” ಎಂದಳು ಪಂಚಶೀಲಾ. “ತನ್ನ ದನಿ ಕೇಳಿ ಹುಡುಕೂ ಮಂದಿ ತಿರುಗಿ ಬಂದ್ರು, ತಾನ ಅಕಿನ್ನ ಕೊಂದೆ ಅಂತ ತಿಳ್ಕೊಂಡು ಸತ್ರು. ‘ಬದುಕ್ಯಾಳ’ ಅಂತ ಒಂದ ಮಾತು. ಆ ಖೋಲಿಯಾಗ ಒಂದ ಮಾತು ಹೇಳಿದ್ರ ಆ ಮುದುಕರ ಎದಿ ತಡೀತಿತ್ತೋ ಏನೋ.”

“ಹೇಳಿದ್ರ ಇಕಿ ಹೋಗ್ತಿದ್ಲು.” ಆತ ಅಳುತ್ತಿದ್ದ. “ಎಷ್ಟೋ ಸಲ ಅಂದೀನ್ರಿ, ಒಮ್ಮೆ ಅವ್ವನ ಮುಖ ನೋಡಿ ಬಾ ಅಂತ. ಗೊಬ್ಬೂರ ಹೆಸರು ಎತ್ತಿದ ದಿನ ಮನಿ ಬಿಡ್ತೇನಿ ಅಂತಿದ್ಲು. ಪತ್ರ ಬಂದಾಗ ಸುಡಬೇಕಂತ ಮಾಡಿದ್ದೆ. ಆ ತಾಯಿ ಕೇಳೂದು ನೋಡಿ ಸುಡಾಕ ಕೈ ಬರ್ಲಿಲ್ಲ. ಒಂದೂ ಒಡೀಲಿಲ್ಲ, ಸುಡ್ಲೂ ಇಲ್ಲ.”

“ಒಡೀದೇ ತಾಯಿ ಏನ್ ಕೇಳ್ಯಾಳಂತ ಹೆಂಗ ಗೊತ್ತು?”

“ತಾಯಿ ಬ್ಯಾರೆ ಏನ್ ಕೇಳ್ತಾಳ್ರಿ?”

ಪಂಚಶೀಲಾ ಪತ್ರಗಳ ಕಟ್ಟನ್ನು ಎತ್ತಿಕೊಂಡಳು. ಜೈಭೀಮನನ್ನು ಕರೆದು, “ಇವರನ್ನ ಜೀಪಿನ್ಯಾಗ ಕುಂದ್ರಸು,” ಎಂದಳು.

*

ಮನೆ ಎರಡೇ ಓಣಿ ಆಚೆಗಿತ್ತು. ಬಾಗಿಲು ತೆರೆದ ಪಲ್ಲವಿಗೆ ನಲವತ್ತೈದು, ನಲವತ್ತಾರಿರಬಹುದು. ತೆಳ್ಳಗಿನ ಮೈ, ಹಣೆಯ ಬಳಿ ನರೆತ ಕೂದಲು. ಗಂಡನ ಮುಖ, ಪೊಲೀಸರ ಖಾಕಿ, ಕೆಂಪು ದಾರದ ಕಟ್ಟಿನ ಮೇಲಿನ ಗೊಬ್ಬೂರ ಹೆಸರು, ಮೂರನ್ನೂ ಒಂದೊಂದಾಗಿ ನೋಡಿದಳು. ಏನಾಯಿತೆಂದು ಕೇಳಲಿಲ್ಲ.

“ಮಲ್ಕಮ್ಮ ಇನ್ನಾ ಅದಾಳೇನ್ರಿ?” ಎಂದಳಷ್ಟೇ.

“ಅದಾಳ. ಗೊಬ್ಬೂರಿಗೆ ಫೋನ್ ಹಚ್ಚಿ ಕೇಳೀನಿ. ಎಪ್ಪತ್ತೆರಡು ವರ್ಷ ಈಗ. ಬರ್ತೀರೇನು?”

ಪಲ್ಲವಿ ಒಳಗೆ ಹೋಗಿ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಹೊರಬಂದಳು. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಗಂಡನ ಕೈಯಲ್ಲಿಟ್ಟಳು. ತಾನು ತಿರುಗಿ ಬರುವವಳಲ್ಲ ಎನ್ನುವ ಹಾಗೆ.

ಜೀಪು ಗೊಬ್ಬೂರಿನ ದಾರಿ ಹಿಡಿಯಿತು. ಹೊರಗೆ ತೊಗರಿ ಹೂಬಿಟ್ಟು ಹಳದಿಯಾಗಿ ನಿಂತಿತ್ತು. ಹಿಂದಿನ ಸೀಟಿನಿಂದ ಸತೀಶಕುಮಾರ ಎರಡು ಸಲ ‘ಪಲ್ಲು’ ಎಂದು ಕರೆದ. ಅವಳು ತಿರುಗಲಿಲ್ಲ. ಪಂಚಶೀಲಾ ಅವಳನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷಗಳ ನಂತರ ತಾಯಿಯ ಸುದ್ದಿ ಕೇಳುವವಳು ‘ಅವ್ವ’ ಎನ್ನದೆ ‘ಮಲ್ಕಮ್ಮ’ ಎಂದಿದ್ದು ಪಂಚಶೀಲಾಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಸಿಟ್ಟಿರಬಹುದು. ಭಯವಿರಬಹುದು. ಮನೆ ಬಿಟ್ಟು ಓಡಿಬಂದವರ ಬಾಯಿಗೆ ಆ ಮಾತು ಭಾರವಾಗುವುದೂ ಉಂಟು.

ಗೊಬ್ಬೂರಿನಲ್ಲಿ ಮಲ್ಕಮ್ಮ ಬಾಗಿಲ ಬಳಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಂಚಶೀಲಾ ಗಂಡಸರನ್ನು ಜೀಪಿನ ಬಳಿಯೇ ನಿಲ್ಲಿಸಿ, ಪಲ್ಲವಿಯನ್ನು ಅಂಗಳಕ್ಕೆ ಕರೆತಂದು, ಮುದುಕಿಯ ಮುಂದೆ ನೆಲದ ಮೇಲೆ ಕೂತಳು. ಎಷ್ಟು ಮೆಲ್ಲಗೆ ಹೇಳಿದರೂ ಅದು ಮೆಲ್ಲಗಿನ ಸುದ್ದಿಯಲ್ಲ.

“ಆಯಿ, ನಿನ್ನ ಪತ್ರ ಗನಿ ಸಾಬರಿಗೆ ಆಗ ಮುಟ್ಟಿರ್ಲಿಲ್ಲ. ಮೊನ್ನಿ ಮುಟ್ಟಿದ್ವು. ಹನ್ನೊಂದೂ ಓದ್ಯಾರ.”

“ಓದಿದ್ರಾ?” ಮುದುಕಿಯ ಮುಖ ಬೆಳಗಿತು. “ಮಾಸ್ತರರಿಗೆ ಹೇಳ್ತಿದ್ದೆ ನಾನು, ಆ ದನಿಯಾಂವ ಓದಿ ಸುಮ್ಮಕ ಕುಂದ್ರಾಂವಲ್ಲ ಅಂತ. ಏನಂದ್ರು?”

“ನಿನ್ನ ಮುಂದ ಮಾಫಿ ಕೇಳಬೇಕಂತ ಮಾಡಿದ್ರು. ಅಷ್ಟರಾಗ ತೀರ್ಕೊಂಡ್ರು.”

ಮಲ್ಕಮ್ಮ ಮೊರವನ್ನು ಪಕ್ಕಕ್ಕಿಟ್ಟಳು. “ಅಯ್ಯ ಎಪ್ಪಾ,” ಎಂದಳು, ತನ್ನ ಅಣ್ಣನ ಸಾವು ಕೇಳಿದ ಹಾಗೆ. “ಅವರದೇನು ತಪ್ಪು? ಚೀಟಿದಾಗ ಇದ್ದದ್ದು ಓದಿದ್ರು.”

ಪಂಚಶೀಲಾ ಉಸಿರೆಳೆದುಕೊಂಡಳು. “ಆಯಿ, ಇನ್ನೊಂದು ಮಾತು ಅದ. ಸುನಿತಾ ಬಂದಾಳ.”

ಪಲ್ಲವಿ ಅಂಗಳದ ನಡುವೆ ನಿಂತಿದ್ದಳು. ಮಲ್ಕಮ್ಮ ಗೋಡೆ ಹಿಡಿದು ಎದ್ದಳು. ಕಾಲು ಎಳೆಯುತ್ತ ಹೋಗಿ, ಆಕೆಯ ಎದುರು ನಿಂತು, ಎರಡೂ ಅಂಗೈಯಲ್ಲಿ ಆ ಮುಖವನ್ನು ಹಿಡಿದಳು. ಹಣೆ, ಹುಬ್ಬು, ಗದ್ದ, ಒಂದೊಂದನ್ನೂ ಬೆರಳಿನಿಂದ ಸವರಿದಳು. ಪಲ್ಲವಿಯ ಕಣ್ಣೀರು ಮುದುಕಿಯ ಮಣಿಕಟ್ಟಿನ ಮೇಲೆ ಇಳಿಯಿತು. ಜೀಪಿನ ಬಳಿ ಸತೀಶಕುಮಾರ ಗಟ್ಟಿಯಾಗಿ ಬಿಕ್ಕಿದ.

ಮಲ್ಕಮ್ಮ ತನ್ನ ಸೆರಗಿನಿಂದ ಆ ಕಣ್ಣೀರು ಒರೆಸಿದಳು. ಆಮೇಲೆ ಪಂಚಶೀಲಾಳ ಕಡೆ ತಿರುಗಿ, ಎದುರಿಗಿದ್ದವಳಿಗೆ ನೋವಾಗದಿರಲೆಂಬಂತೆ ದನಿ ತಗ್ಗಿಸಿ ಹೇಳಿದಳು.

“ಪಾಪ, ಇಕಿ ಯಾರ ಮಗಳ್ರಿ? ನನ್ನಾಕಿ ಅಲ್ಲ.”

“ಆಯಿ, ಇಪ್ಪತ್ತೇಳು ವರ್ಷ ಆಗ್ಯಾವ. ಮುಖ ಬದಲಾಗ್ತದ...”

“ನೂರು ವರ್ಷ ಆಗ್ಲಿ. ನಾ ಹಡದಾಕಿನ್ನ ಮುಟ್ಟಿದ್ರ ನನಗ ಗೊತ್ತಾಗ್ತದ. ಇಕಿ ಅಲ್ಲ.”

ಸತೀಶಕುಮಾರ ಓಡಿ ಬಂದ. ಜೈಭೀಮ ತಡೆಯಲಿಲ್ಲ. “ಹೇಳು ಪಲ್ಲು! ನೀನ ಸುನಿತಾ ಅಂತ ಹೇಳು! ಅವತ್ತ ಗೇಟಿನ ಮುಂದ ಹೇಳಿದ್ಯಲ್ಲ, ಹೇಳು!”

ಪಲ್ಲವಿ ಗಂಡನತ್ತ ನೋಡಲಿಲ್ಲ. ಮೊಣಕಾಲೂರಿ ಮಲ್ಕಮ್ಮನ ಪಾದದ ಬಳಿ ಕೂತಳು. ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದೆಗೆದುಕೊಂಡಳು.

“ಸುನಿತಾ ಅಂತ ಬಂದು ಹೇಳಿದ್ರ ಯಾರೂ ಅಲ್ಲಗಳ್ಯಾಕ ಬರೂದಿಲ್ಲಂತ ನಂಗ ಗೊತ್ತಿತ್ತರಿ,” ಎಂದಳು. “ಭೀಮಾ ದಂಡಿಗೆ ಹುಡುಕಾಕ ಹೋದ ಮಂದಿ ತಿರುಗಿ ಬರಬೇಕಿತ್ತು, ಯಾಕಂದ್ರ ಅಕಿ ಎಲ್ಲದಾಳಂತ ಗೊತ್ತಿದ್ದಾಕಿ ನಾನೊಬ್ಬಾಕೀನೇ ಇದ್ದೆ.”

ಮಲ್ಕಮ್ಮ ಬಾಗಿ, ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.